ವಾರಂಟ್ ಇಲ್ಲದೆ ಬರಬಹುದು, ಬರೆಯದೆ ಬರುವಂತಿಲ್ಲ

ಠಾಣೆ ಮೆಟ್ಟಿಲು: ಓದುಗರ ಪ್ರಶ್ನೆಗೆ ನಿವೃತ್ತ ಸಬ್ ಇನ್‌ಸ್ಪೆಕ್ಟರ್ ಒಬ್ಬರ ಉತ್ತರ

ಮಳೆಗಾಲದಲ್ಲಿ ನನಗೆ ಬರುವ ಪತ್ರಗಳೆಲ್ಲ ಬೇಲಿ ಜಗಳ, ದಾರಿ ಜಗಳ, ಮರ ಬಿದ್ದ ಜಗಳ. ಕರಿಮೆಣಸು ಕೊಯ್ಲು ಶುರುವಾಯಿತೋ, ಬರೀ ಕಳವು. ಕಾಫಿ, ಮೆಣಸಿಗೆ ರೇಟು ಏರಿದ ಮೇಲೆ ರಾತ್ರಿ ಕಣದಲ್ಲಿದ್ದ ಚೀಲ ಬೆಳಿಗ್ಗೆ ಇರುತ್ತದೆ ಅನ್ನುವ ಭರವಸೆ ಯಾರಿಗೂ ಇಲ್ಲ. ಕಳಕೊಂಡವರ ಪತ್ರ ಒಂದು ಕಟ್ಟು. ಆ ಕಳವಿನ ಹೆಸರು ಹೇಳಿ ನಮ್ಮ ಮನೆ ಜಾಲಾಡಿದರು ಅನ್ನುವವರದ್ದು ಇನ್ನೊಂದು ಕಟ್ಟು. ಈ ಸಲ ಎರಡನೆಯದನ್ನು ಬಿಚ್ಚಿದ್ದೇನೆ. ಯಾರ ಹೆಸರೂ ಹಾಕಿಲ್ಲ, ಊರೂ ಹಾಕಿಲ್ಲ. ಕೊಡಗಿನಲ್ಲಿ ಮನೆತನದ ಹೆಸರು ಹೇಳಿದರೆ ಸಾಕು, ಬಸ್ಸಿನ ಕಂಡಕ್ಟರೂ ಗೇಟು ಎಲ್ಲಿದೆ ಅಂತ ತೋರಿಸುತ್ತಾನೆ.

ಪ್ರಶ್ನೆ: ಸರ್, ನಮ್ಮ ಯಜಮಾನರು ಆರ್ಮಿಯಲ್ಲಿದ್ದಾರೆ. ಮನೆಯಲ್ಲಿ ನಾನು, ಹಾಸಿಗೆ ಹಿಡಿದ ಅತ್ತೆ, ಇಬ್ಬರು ಮಕ್ಕಳು. ಹೋದ ತಿಂಗಳು ಬೆಳಿಗ್ಗೆ ಆರೂವರೆಗೆ ಮೂವರು ಪೊಲೀಸರು ಬಂದರು. ಇಬ್ಬರು ಯೂನಿಫಾರ್ಮಿನಲ್ಲಿ, ಒಬ್ಬರು ಮಫ್ತಿಯಲ್ಲಿ. ಪಕ್ಕದ ತೋಟದವರ ಮೂರು ಚೀಲ ಮೆಣಸು ಕಳವಾಗಿದೆ, ನಿಮ್ಮ ಮನೆ ನೋಡಬೇಕು ಅಂದರು. ವಾರಂಟ್ ಕೇಳಿದೆ. "ಅದೆಲ್ಲ ಸಿನಿಮಾದಲ್ಲಿ ಅಕ್ಕ" ಅಂದರು. ಅಟ್ಟ, ಸ್ಟೋರು, ಕಡೆಗೆ ನನ್ನ ಸೀರೆ ಬೀರು ಕೂಡ ತೆಗೆಸಿದರು. ನಮ್ಮದೇ ಎರಡು ಚೀಲ ಮೆಣಸು ಜೀಪಿಗೆ ಹಾಕಿಕೊಂಡು ಹೋದರು. ಒಂದು ಚೀಟಿಯೂ ಕೊಡಲಿಲ್ಲ. ಹೀಗೆ ಮಾಡಬಹುದಾ? ನಮ್ಮ ಮೆಣಸು ವಾಪಸ್ ಹೇಗೆ ತರೋದು?

ಉತ್ತರ: ಅಕ್ಕಾ, ನಿಮಗೆ ಇಷ್ಟವಾಗದ ಮಾತನ್ನೇ ಮೊದಲು ಹೇಳಿಬಿಡುತ್ತೇನೆ. ವಾರಂಟ್ ಇಲ್ಲದೆ ಮನೆ ಶೋಧ ಮಾಡುವ ಅಧಿಕಾರ ಪೊಲೀಸರಿಗೆ ಇದೆ. ಮೊದಲು ಅದು ಹಳೇ ದಂಡ ಪ್ರಕ್ರಿಯಾ ಸಂಹಿತೆಯ, ಅಂದರೆ ಸಿಆರ್‌ಪಿಸಿಯ, 165ನೇ ಕಲಂ. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 185ನೇ ಕಲಂ. ನಂಬರ್ ಬದಲಾಯಿತು, ಸಾರ ಹೆಚ್ಚುಕಮ್ಮಿ ಅದೇ. ಹಾಗಾಗಿ ವಾರಂಟ್ ಎಲ್ಲಿ ಅನ್ನುವ ಪ್ರಶ್ನೆ ತಪ್ಪಲ್ಲ, ಆದರೆ ಅಲ್ಲಿಗೇ ನಿಂತುಬಿಟ್ಟಿರಿ. ಅದರ ಮುಂದಿನ ಪ್ರಶ್ನೆ ಕೇಳಿದ್ದರೆ ಆ ಮೂವರಲ್ಲಿ ಒಬ್ಬರಾದರೂ ತಲೆ ಕೆರೆದುಕೊಳ್ಳುತ್ತಿದ್ದರು: "ಎಲ್ಲಿ ಬರೆದಿದ್ದೀರಿ?"

ವಾರಂಟ್ ಇಲ್ಲ ಅಂದರೆ ಕಾಗದವೇ ಬೇಡ ಅಂತ ಅರ್ಥವಲ್ಲ. ನಾನು ಮೂವತ್ತನಾಲ್ಕು ವರ್ಷ ಖಾಕಿ ಹಾಕಿದವನು. ಇಲಾಖೆಯ ಒಳಗೇ ಈ ತಪ್ಪು ತಿಳಿವಳಿಕೆ ಎಷ್ಟೋ ಜನರಿಗಿದೆ. ಶುರುವಿನಲ್ಲಿ ನನಗೂ ಇತ್ತು. ವಾರಂಟ್ ಇದ್ದರೆ ಮ್ಯಾಜಿಸ್ಟ್ರೇಟರು ಯೋಚಿಸಿ ಬರೆದಿರುತ್ತಾರೆ. ಇಲ್ಲದಿದ್ದರೆ ಆ ಯೋಚನೆಯನ್ನು ಅಧಿಕಾರಿಯೇ ಮಾಡಬೇಕು, ಮಾಡಿದ್ದನ್ನು ಕೇಸ್ ಡೈರಿಯಲ್ಲಿ ಬರೆಯಬೇಕು. ಅದೂ ಜೀಪು ಹತ್ತುವ ಮೊದಲು. ಮನೆ ನೋಡಿ, ಚೀಲ ತಂದು, ಠಾಣೆಯಲ್ಲಿ ಟೀ ಕುಡಿಯುತ್ತಾ ಬರೆಯುವುದಲ್ಲ.

ಏನು ಬರೆಯಬೇಕು? ಮೊದಲನೆಯದಾಗಿ ಒಂದು ಕೇಸು ಇರಬೇಕು. ಈ ಕಲಂ ತನಿಖೆಗಾಗಿ ಇರುವುದು. ಯಾವ ಕೇಸೂ ಇಲ್ಲದೆ ಏನಾದರೂ ಸಿಗುತ್ತದೇನೋ ಅಂತ ಮನೆ ಮನೆ ತಡಕಾಡುವುದಕ್ಕಲ್ಲ. ಆಮೇಲೆ, ಇಂಥ ವಸ್ತು ಇಂಥ ಮನೆಯಲ್ಲಿದೆ ಎಂದು ನಂಬಲು ಕಾರಣ ಏನು ಅನ್ನುವುದು. "ಖಚಿತ ಮಾಹಿತಿ ಮೇರೆಗೆ" ಅನ್ನುವ ರೆಡಿಮೇಡ್ ಸಾಲು ಕಾರಣವಲ್ಲ. ಅದು ನಮ್ಮ ಇಲಾಖೆಯ ರಬ್ಬರ್ ಸ್ಟಾಂಪು. ಮತ್ತೆ, ವಾರಂಟಿಗೆ ಕಾಯುತ್ತಾ ಕೂತರೆ ತುಂಬಾ ತಡವಾಗುತ್ತದೆ ಅನ್ನುವುದು. ಮೆಣಸಿನ ವಿಷಯದಲ್ಲಿ ಇದು ಸುಳ್ಳೇನಲ್ಲ. ಬೆಳಿಗ್ಗೆ ನಿಮ್ಮ ಅಟ್ಟದಲ್ಲಿದ್ದ ಚೀಲ ಮಧ್ಯಾಹ್ನದ ಹೊತ್ತಿಗೆ ಪೇಟೆಯ ಯಾವುದೋ ಗೋಡೌನಿನಲ್ಲಿ ನೂರು ಚೀಲದ ಜೊತೆ ಸೇರಿದರೆ ಹುಡುಕುವುದು ಯಾರು? ಕೊನೆಗೆ, ಹುಡುಕುತ್ತಿರುವುದು ಏನು ಅಂತ ಆದಷ್ಟು ಸ್ಪಷ್ಟವಾಗಿ ಬರೆಯಬೇಕು.

ಇಲ್ಲಿ ನಿಮ್ಮ ಸೀರೆ ಬೀರುವಿಗೆ ಬರೋಣ. ಬರೆದದ್ದು "ಮೂರು ಚೀಲ ಕರಿಮೆಣಸು" ಅಂತಾದರೆ, ಮೂರು ಚೀಲ ಹಿಡಿಸುವ ಜಾಗ ನೋಡಬೇಕು. ಸ್ಟೋರು ಸರಿ, ಅಟ್ಟ ಸರಿ, ಹಳೇ ಮನೆಗಳ ಪತ್ತಾಯವೂ (ಭತ್ತದ ಕಣಜ) ಸರಿ. ಸೀರೆ ಮಡಿಕೆಯ ನಡುವೆ ಮೆಣಸಿನ ಚೀಲ ಹುಡುಕುವವರು ಹುಡುಕುತ್ತಿರುವುದು ಮೆಣಸನ್ನಲ್ಲ.

ಬಂದವರು ಯಾರು ಅನ್ನುವುದೂ ಮುಖ್ಯ. ಶೋಧ ಮಾಡಬೇಕಾದವರು ಠಾಣಾಧಿಕಾರಿ ಅಥವಾ ಆ ಕೇಸಿನ ತನಿಖಾಧಿಕಾರಿ, ಅದೂ ಆದಷ್ಟು ಖುದ್ದಾಗಿ. ತಾವು ಹೋಗಲು ಆಗದಿದ್ದರೆ ಯಾಕೆ ಆಗಲಿಲ್ಲ ಅಂತ ಬರೆದಿಟ್ಟು, ಕೆಳಗಿನವರಿಗೆ ಲಿಖಿತ ಆದೇಶ ಕೊಡಬೇಕು. ಯಾವ ಮನೆ, ಯಾವ ವಸ್ತು ಎರಡೂ ಅದರಲ್ಲಿರಬೇಕು. ನಿಮ್ಮ ಪತ್ರ ನೋಡಿದರೆ ಸ್ಟಾರ್ ಇದ್ದವರು ಯಾರೂ ಬಂದ ಹಾಗಿಲ್ಲ. ಹಾಗಿದ್ದರೆ ಬಂದವರ ಜೇಬಿನಲ್ಲಿ ಆ ಆದೇಶ ಇರಬೇಕಿತ್ತು. "ಸಾಹೇಬ್ರು ಹೇಳಿದ್ದಾರೆ" ಅಂದರೆ ಸಾಲದು.

ಇನ್ನು ಪಂಚರು, ಅಂದರೆ ಶೋಧಕ್ಕೆ ಸಾಕ್ಷಿಯಾಗಿ ನಿಲ್ಲುವವರು. ಶೋಧ ಶುರುವಾಗುವ ಮೊದಲೇ ಆ ಜಾಗದ ಇಬ್ಬರು ಮರ್ಯಾದಸ್ಥ, ಎರಡೂ ಕಡೆಗೆ ಸೇರದ ಜನರನ್ನು ಕರೆಯಬೇಕು. ಇದು ಅದೇ ಹೊಸ ಸಂಹಿತೆಯ 103ನೇ ಕಲಂ. ನಮ್ಮಲ್ಲಿ ಇದು ಕಷ್ಟ, ಒಪ್ಪುತ್ತೇನೆ. ಪಕ್ಕದ ಮನೆ ಅಂದರೆ ಅರ್ಧ ಕಿಲೋಮೀಟರ್, ನಡುವೆ ಒಂದು ತೋಡು, ಎರಡು ನಾಯಿ. ಆ ಜಾಗದಲ್ಲಿ ಯಾರೂ ಸಿಗದಿದ್ದರೆ, ಸಿಕ್ಕವರು ಒಪ್ಪದಿದ್ದರೆ, ಬೇರೆ ಕಡೆಯವರನ್ನು ಕರೆತರಬಹುದು. ಆದರೆ ಪಂಚರೇ ಇಲ್ಲದೆ ಶುರು ಮಾಡುವುದಲ್ಲ. ಮನೆಯವರು ಜೊತೆಗಿದ್ದು ನೋಡಬಹುದು. ನಿಮ್ಮನ್ನು ಅಡುಗೆಮನೆಯಲ್ಲಿ ಕೂರಿಸಿ ತಾವು ಅಟ್ಟ ಹತ್ತುವ ಹಾಗಿಲ್ಲ. ಹೆಂಗಸರ ಮೈ ತಪಾಸಣೆ ಮಾಡಬೇಕಾಗಿ ಬಂದರೆ ಹೆಂಗಸರೇ ಮಾಡಬೇಕು, ಮರ್ಯಾದೆಗೆ ಕುಂದು ಬರದ ಹಾಗೆ. ಏನು ತೆಗೆದುಕೊಂಡರು, ಮನೆಯ ಯಾವ ಮೂಲೆಯಿಂದ ತೆಗೆದುಕೊಂಡರು ಅಂತ ಪಟ್ಟಿ ಬರೆದು, ಪಂಚರ ಸಹಿ ಹಾಕಿಸಿ, ಒಂದು ನಕಲು ನಿಮ್ಮ ಕೈಗೆ ಕೊಡಬೇಕು. ಅದು ಅವರು ನಿಮಗೆ ಮಾಡುವ ಉಪಕಾರವಲ್ಲ.

ಪಂಚರ ಮುಂದೆ ಇನ್ನೊಂದು ಕೆಲಸ ನಡೆಯುತ್ತಿತ್ತು ನಮ್ಮ ಕಾಲದಲ್ಲಿ. ನನ್ನ ಮೊದಲ ಇನ್‌ಸ್ಪೆಕ್ಟರ್ ಹೊಸ್ತಿಲ ಹೊರಗೇ ನಿಂತು ತಮ್ಮ ಜೇಬು ಎರಡೂ ಹೊರಗೆಳೆದು ತೋರಿಸುತ್ತಿದ್ದರು. ಕರವಸ್ತ್ರ, ಪೆನ್ನು, ಬೀಡಿ ಕಟ್ಟು. ಆಮೇಲೆ ನಮ್ಮ ಕಡೆ ತಿರುಗಿ "ಹೂಂ" ಅನ್ನುತ್ತಿದ್ದರು. ನಾವೂ ತೋರಿಸಬೇಕು. ಒಳಗೆ ಸಿಗುವುದನ್ನು ನಾವೇ ತಂದಿಟ್ಟೆವು ಅಂತ ನಾಳೆ ಯಾರೂ ಹೇಳಬಾರದಲ್ಲ. ಆ ಬೀಡಿ ಕಟ್ಟು ನೋಡಿ ಮನೆಯ ಅಜ್ಜಿಯೊಬ್ಬಳು ನಕ್ಕಿದ್ದು ಈಗಲೂ ನೆನಪಿದೆ. ಆ ಪದ್ಧತಿ ಈಗ ಕಾಣುವುದು ಕಡಿಮೆ.

ಈಗ ಅದರ ಜಾಗಕ್ಕೆ ಮೊಬೈಲ್ ಬಂದಿದೆ. ಹೊಸ ಕಾನೂನಿನಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಇದೇ, 105ನೇ ಕಲಂ. ಶೋಧದ ಶುರುವಿನಿಂದ ಪಟ್ಟಿಗೆ ಸಹಿ ಹಾಕುವವರೆಗೆ ಆಡಿಯೋ-ವಿಡಿಯೋ ಆಗಲೇಬೇಕು. ಮೊಬೈಲಲ್ಲಿ ತೆಗೆದರೂ ಸಾಕು. ಅದಕ್ಕೆ ಇ-ಸಾಕ್ಷ್ಯ ಅಂತ ಆ್ಯಪ್ ಕೂಡ ಕೊಟ್ಟಿದ್ದಾರೆ. ಆ ರೆಕಾರ್ಡಿಂಗ್ ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ ಅನ್ನುವುದು ನಮ್ಮ ಜಿಲ್ಲೆಯಲ್ಲಿ ನಿಜವೇ. ಆದರೆ ವಿಡಿಯೋ ತೆಗೆಯಲು ನೆಟ್‌ವರ್ಕ್ ಯಾಕೆ ಬೇಕು? ಕಳಿಸುವುದು ಆಮೇಲಿನ ಮಾತು.

ನಿಮಗೆ ಈಗಲೂ ಉಪಯೋಗಕ್ಕೆ ಬರುವ ಮಾತು ಇದು: ಡೈರಿಯಲ್ಲಿ ಬರೆದ ಕಾರಣಗಳ ನಕಲು 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ತಲುಪಬೇಕು. ಹಳೇ ಕಾನೂನಿನಲ್ಲಿ "ಕೂಡಲೇ" ಅಂತ ಮಾತ್ರ ಇತ್ತು. ನಮ್ಮ "ಕೂಡಲೇ" ಕೆಲವು ಸಲ ಹದಿನೈದು ದಿನ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆ ನಕಲನ್ನು ಮನೆಯವರು ಅರ್ಜಿ ಕೊಟ್ಟು ಕೇಳಿದರೆ ಮ್ಯಾಜಿಸ್ಟ್ರೇಟರು ಪುಕ್ಕಟೆಯಾಗಿ ಕೊಡಬೇಕು. ಹಾಗಾಗಿ ನೀವು ಠಾಣೆಗೆ ಹೋಗಿ ಜಗಳ ಮಾಡಬೇಡಿ. ಒಬ್ಬ ವಕೀಲರನ್ನು ಹಿಡಿದು, ನಿಮ್ಮ ಠಾಣೆ ಯಾವ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿಗೆ ಸೇರುತ್ತದೋ ಅಲ್ಲಿ ಎರಡು ಅರ್ಜಿ ಹಾಕಿಸಿ.

ಮೊದಲನೆಯದು ಈ ನಕಲಿಗೆ. ಕೊಟ್ಟರೆ ಅದರಲ್ಲಿ ಏನು ಬರೆದಿದ್ದಾರೆ ಗೊತ್ತಾಗುತ್ತದೆ. ಕೋರ್ಟಿಗೆ ಏನೂ ಬಂದೇ ಇಲ್ಲ ಅಂತಾದರೆ ಅದು ಇನ್ನೂ ಒಳ್ಳೆಯದು, ನಿಮ್ಮ ದೂರಿಗೆ ಅದೇ ಜೀವ.

ಎರಡನೆಯದು ಮೆಣಸಿಗೆ. ಪೊಲೀಸರು ಏನೇ ಅಮಾನತು ಮಾಡಿದರೂ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು. ಠಾಣೆ ಭಾಷೆಯಲ್ಲಿ ಪಿ.ಎಫ್. (ಪ್ರಾಪರ್ಟಿ ಫಾರ್ಮ್) ಕಳಿಸುವುದು ಅನ್ನುತ್ತೇವೆ. ಆ ಪಿ.ಎಫ್. ನಂಬರ್ ಹಿಡಿದು 503ನೇ ಕಲಂ ಕೆಳಗೆ, ವಿಚಾರಣೆ ಶುರುವಾಗಿದ್ದರೆ 497ರ ಕೆಳಗೆ, ವಸ್ತು ಬಿಡಿಸಿಕೊಳ್ಳಲು ಕೇಳಬಹುದು. ಅಮಾನತಾದ ವಸ್ತುವನ್ನು ಠಾಣೆಯಲ್ಲಿ ಕೊಳೆಯಲು ಬಿಡಬೇಡಿ, ಹದಿನೈದು ದಿನ, ಹೆಚ್ಚೆಂದರೆ ಒಂದು ತಿಂಗಳೊಳಗೆ ವಿಲೇವಾರಿ ಮಾಡಿ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಕೇಸು, ವಕೀಲರಿಗೆ ಗೊತ್ತಿರುತ್ತದೆ. ಮೆಣಸಿನ ಮಟ್ಟಿಗೆ ಇದು ಇನ್ನೂ ಅರ್ಜೆಂಟು. ಠಾಣೆಯ ಮಾಲು ಕೋಣೆಯಲ್ಲಿ ಜೂನ್ ಕಳೆದ ಮೆಣಸಿಗೆ ಬೂಷ್ಟು ಹಿಡಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಕೇಸು ಮುಗಿಯುವ ಹೊತ್ತಿಗೆ ಅದಕ್ಕೆ ಇಲಿ ಹಿಕ್ಕೆಯ ಬೆಲೆಯೂ ಇರಲಿಲ್ಲ. ಪಹಣಿ, ಕೊಯ್ಲಿನವರಿಗೆ ಕೂಲಿ ಕೊಟ್ಟ ಪುಸ್ತಕ, ಹೋದ ವರ್ಷ ಮೆಣಸು ಮಾರಿದ ಬಿಲ್ಲು, ಇವಿಷ್ಟು ಅರ್ಜಿಗೆ ಲಗತ್ತಿಸಿ. ತೋಟದಲ್ಲಿ ಬಳ್ಳಿ ಇದೆ, ಅಟ್ಟದಲ್ಲಿ ಮೆಣಸಿದೆ ಅಂತ ತೋರಿಸಿದರೆ ಮುಕ್ಕಾಲು ಕೆಲಸ ಮುಗಿಯಿತು.

ಇನ್ನೊಂದು ಎಚ್ಚರಿಕೆ. ಶೋಧ ಕ್ರಮಬದ್ಧವಾಗಿಲ್ಲ ಎಂದ ಮಾತ್ರಕ್ಕೆ ಸಿಕ್ಕ ವಸ್ತು ಸಾಕ್ಷಿಯಲ್ಲ ಅಂತ ಆಗುವುದಿಲ್ಲ. 1974ರ ಪೂರಣ್ ಮಲ್ ಕೇಸಿನಿಂದ ನಮ್ಮ ಕೋರ್ಟುಗಳ ದಾರಿ ಇದೇ. ಹಾಗಾದರೆ ನಿಯಮ ಯಾಕೆ ಅನ್ನುತ್ತೀರಾ? ಅದೇ ಸುಪ್ರೀಂ ಕೋರ್ಟ್ 1959ರಲ್ಲಿ ರೆಹಮಾನ್ ಅನ್ನುವ ರೈತನ ಕೇಸಿನಲ್ಲಿ ಬೇರೆ ಮಾತು ಹೇಳಿತ್ತು. ಅವನ ಮನೆಗೆ ತಂಬಾಕು ಹುಡುಕಲು ಅಬಕಾರಿಯವರು ಹೋಗಿದ್ದರು. ಕಾರಣ ಬರೆದಿಟ್ಟಿರಲಿಲ್ಲ. ಅವನು ಅಡ್ಡ ನಿಂತ. ಕಾರಣ ಬರೆಯದ ಶೋಧವೇ ಅಕ್ರಮ, ಅದನ್ನು ತಡೆದದ್ದು ಅಪರಾಧವಲ್ಲ ಅಂತಾಯಿತು. ಇದನ್ನು ಓದಿ ಬಾಗಿಲಿಗೆ ಅಡ್ಡ ನಿಲ್ಲಲು ಹೋಗಬೇಡಿ ಮತ್ತೆ! ಡೈರಿಯಲ್ಲಿ ಬರೆದಿದ್ದಾರೋ ಇಲ್ಲವೋ ನಿಮಗೆ ಹೊಸ್ತಿಲಲ್ಲಿ ಕಾಣುವುದಿಲ್ಲ. ಬರೆದಿದ್ದರೆ ನಿಮ್ಮ ಮೇಲೆ ಕರ್ತವ್ಯಕ್ಕೆ ಅಡ್ಡಿ ಕೇಸು ಬೀಳುತ್ತದೆ, ಕೈ ತಾಗಿದರೆ ಇನ್ನೂ ದೊಡ್ಡದು. ಬಿಡಿ ಒಳಗೆ. "ನನಗೆ ಒಪ್ಪಿಗೆ ಇಲ್ಲ, ಆದರೆ ತಡೆಯುವುದಿಲ್ಲ" ಅಂತ ವಿಡಿಯೋಗೆ ಕೇಳುವ ಹಾಗೆ ಒಂದು ಸಲ ಹೇಳಿ.

ಪ್ರಶ್ನೆ: ನನ್ನ ಅಣ್ಣನ ಮಗ ಒಂದು ಹೊಡೆದಾಟದ ಕೇಸಿನಲ್ಲಿದ್ದಾನೆ. ಅವನು ಬೆಂಗಳೂರಲ್ಲಿ ಎಲ್ಲೋ ಇದ್ದಾನೆ, ನಮ್ಮ ಮನೆಗೆ ಬರದೆ ವರ್ಷವಾಯಿತು. ಆದರೂ ರಾತ್ರಿ ಹನ್ನೊಂದಕ್ಕೆ ಬಂದು ಮಂಚದಡಿ ಎಲ್ಲ ಬ್ಯಾಟರಿ ಬಿಟ್ಟು ನೋಡಿದರು. ಅಕ್ಕಿ ಡಬ್ಬಿಯನ್ನೂ ತೆಗೆದರು. ಇದಕ್ಕೂ ವಾರಂಟ್ ಬೇಡವಾ?

ಉತ್ತರ: ಬೇಡ. ಆದರೆ ಇದು ಬೇರೆ ಕಲಂ, ಅದೇ ಹೊಸ ಸಂಹಿತೆಯ 44ನೆಯದು. ಹಿಡಿಯಬೇಕಾದ ವ್ಯಕ್ತಿ ಈ ಮನೆಯೊಳಗೆ ಹೊಕ್ಕಿದ್ದಾನೆ ಅಥವಾ ಒಳಗಿದ್ದಾನೆ ಅಂತ ನಂಬಲು ಕಾರಣ ಇರಬೇಕು. ಸಂಬಂಧಿಕರ ಮನೆ ಅನ್ನುವುದೊಂದೇ ಕಾರಣವಾದರೆ ಕೊಡಗಿನಲ್ಲಿ ಅರ್ಧ ಜಿಲ್ಲೆ ಜಾಲಾಡಬೇಕಾಗುತ್ತದೆ! ಕಾರಣ ಇದ್ದಾಗ ಬಾಗಿಲು ತೆರೆದುಕೊಡುವುದು ಮನೆಯವರ ಜವಾಬ್ದಾರಿ. ನಾವು ಪೊಲೀಸರು, ಇಂಥದ್ದಕ್ಕೆ ಬಂದಿದ್ದೇವೆ ಅಂತ ಹೇಳಿ ಕೇಳಿದರೂ ತೆರೆಯದಿದ್ದರೆ ಬಾಗಿಲು ಒಡೆಯಲೂಬಹುದು. ಹೊರಗಿನವರ ಮುಂದೆ ಬಾರದ ಹೆಂಗಸರು ಕೋಣೆಯಲ್ಲಿದ್ದರೆ, ಅವರೇ ಹಿಡಿಯಬೇಕಾದವರು ಅಲ್ಲದಿದ್ದರೆ, ಮೊದಲು ತಿಳಿಸಿ ಆಚೆ ಹೋಗಲು ಅವಕಾಶ ಕೊಡಬೇಕು. ರಾತ್ರಿ ಬರಬಾರದು ಅಂತ ಈ ಕಲಂನಲ್ಲಿ ಇಲ್ಲ.

ಅಕ್ಕಿ ಡಬ್ಬಿಯ ವಿಷಯ ಮಾತ್ರ ನೀವು ಕೇಳಿದ್ದು ಸರಿ. ಆಳನ್ನು ಹುಡುಕಲು ಬಂದವರು ಆಳು ಹಿಡಿಸುವ ಜಾಗ ನೋಡಬೇಕು. ನಡೆದದ್ದನ್ನು ತಾರೀಖು, ಗಂಟೆ ಹಾಕಿ ಬರೆದು ಮಡಿಕೇರಿಗೆ, ಎಸ್‌ಪಿ ಕಚೇರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ಹುಡುಗನಿಗೂ ಒಂದು ಮಾತು ತಲುಪಿಸಿ. ವಕೀಲರನ್ನು ಹಿಡಿದು ಜಾಮೀನಿನ ದಾರಿ ನೋಡಲಿ. ಅವನು ಓಡಾಡಿಕೊಂಡಿರುವವರೆಗೆ ನಿಮ್ಮ ಮಂಚದಡಿ ಬ್ಯಾಟರಿ ತಪ್ಪುವುದಿಲ್ಲ.

ಪ್ರಶ್ನೆ: ನಮ್ಮದು ಸಣ್ಣ ಹೋಂಸ್ಟೇ. ವೀಕೆಂಡಿನಲ್ಲಿ ಗಾಂಜಾ ಇದೆ ಅಂತ ಹೇಳಿ ರಾತ್ರಿ ಗೆಸ್ಟ್ ರೂಮು ತೆಗೆಸಿದರು. ಏನೂ ಸಿಗಲಿಲ್ಲ, ಗೆಸ್ಟ್ ಎಲ್ಲ ಬೆಳಿಗ್ಗೆಯೇ ಖಾಲಿ ಮಾಡಿದರು. ರಾತ್ರಿ ಬರಲು ಅಧಿಕಾರ ಇದೆಯಾ?

ಉತ್ತರ: ಗಾಂಜಾ ಅಂದಕೂಡಲೇ 1985ರ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ವಸ್ತುಗಳ ಕಾನೂನು. ಅದರ ಕಟ್ಟುಪಾಡು ಬೇರೆ, ಇನ್ನೂ ಬಿಗಿ. ಶಿಕ್ಷೆ ಜಾಸ್ತಿ ಇರುವ ಕಡೆ ಷರತ್ತೂ ಜಾಸ್ತಿ. 42ನೇ ಕಲಂ ಪ್ರಕಾರ ಯಾರಾದರೂ ಮಾಹಿತಿ ಕೊಟ್ಟಿದ್ದರೆ ಅದನ್ನು ಬರೆದುಕೊಳ್ಳಬೇಕು. ಸೂರ್ಯ ಹುಟ್ಟಿ ಮುಳುಗುವ ನಡುವೆ ವಾರಂಟ್ ಇಲ್ಲದೆ ಹೋಗಬಹುದು. ಕತ್ತಲಾದ ಮೇಲೆ ಹೋಗುವುದಾದರೆ, ವಾರಂಟ್ ತರುವಷ್ಟರಲ್ಲಿ ಮಾಲು ಅಥವಾ ಆಳು ಕೈತಪ್ಪುತ್ತದೆ ಎಂಬ ಕಾರಣವನ್ನು ಬರೆದಿಡಬೇಕು. ಬರೆದದ್ದರ ನಕಲು 72 ಗಂಟೆಯಲ್ಲಿ ಮೇಲಧಿಕಾರಿಗೆ ಹೋಗಬೇಕು. ಬರಿ ಕಾನ್‌ಸ್ಟೇಬಲ್ ಬಂದು ಮಾಡುವ ಕೆಲಸ ಅಲ್ಲ ಇದು, ಅದಕ್ಕಿಂತ ಮೇಲಿನವರೇ ಆಗಬೇಕು. 2009ರಲ್ಲಿ ಕರ್ನೈಲ್ ಸಿಂಗ್ ಕೇಸಿನಲ್ಲಿ ಐವರು ನ್ಯಾಯಮೂರ್ತಿಗಳು ಇದನ್ನು ಇತ್ಯರ್ಥ ಮಾಡಿದ್ದಾರೆ. ಬರೆಯುವುದು ಸ್ವಲ್ಪ ತಡವಾದರೆ, ತಡಕ್ಕೆ ಸರಿಯಾದ ವಿವರಣೆ ಇದ್ದರೆ ನಡೆಯುತ್ತದೆ. ಬರೆಯದೇ ಇದ್ದರೆ ನಡೆಯುವುದಿಲ್ಲ.

ಗೆಸ್ಟಿನ ಮೈ ತಪಾಸಣೆ ಮಾಡುವುದಾದರೆ ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಮಾಡಿಸಿಕೊಳ್ಳುವ ಹಕ್ಕು ಅವರಿಗಿದೆ, ಅದನ್ನು ಅವರಿಗೆ ಹೇಳಬೇಕು. ಬ್ಯಾಗಿಗೆ ಈ ಹಕ್ಕಿಲ್ಲ.

ರಿಜಿಸ್ಟರ್ ನೋಡುವುದನ್ನೂ ಶೋಧವನ್ನೂ ಒಂದೇ ಮಾಡಿಕೊಳ್ಳಬೇಡಿ. ಯಾರು ಬಂದು ಉಳಿದಿದ್ದಾರೆ ಅಂತ ಪುಸ್ತಕ ಕೇಳಿದರೆ ತೋರಿಸಿಬಿಡಿ. ಅದು ಸರಿಯಾಗಿದ್ದರೆ ಅರ್ಧ ಅನುಮಾನ ಕೌಂಟರಿನಲ್ಲೇ ಮುಗಿಯುತ್ತದೆ.

ಪ್ರಶ್ನೆ: ನಮ್ಮ ತೋಟದ ಲೈನ್‌ಮನೆಯಲ್ಲಿ ಅಸ್ಸಾಂ ಕಡೆಯ ಕೆಲಸಗಾರರಿದ್ದಾರೆ. ಪೊಲೀಸರು ಬಂದಾಗ ನಾನೇ "ನೋಡಿಕೊಳ್ಳಿ" ಅಂದೆ. ಅವರ ಟ್ರಂಕು ಎಲ್ಲ ಹೊರಗೆ ಸುರಿದರು. ಮಾಲೀಕ ನಾನು, ನಾನು ಒಪ್ಪಿದ್ದೇನೆ. ಈಗ ಕೆಲಸಗಾರರು ನನ್ನ ಮೇಲೆ ಮುನಿಸಿಕೊಂಡಿದ್ದಾರೆ.

ಉತ್ತರ: ಮುನಿಸಿಕೊಳ್ಳದೆ ಇನ್ನೇನು? ಗೋಡೆ, ಹೆಂಚು ನಿಮ್ಮದು. ಒಳಗಿನ ಸಂಸಾರ ಅವರದು. ಕಾನೂನು ಕೇಳುವುದು ಅಲ್ಲಿ ವಾಸ ಮಾಡುವವರು ಯಾರು ಅಂತ. ಶೋಧದ ಹೊತ್ತಿಗೆ ಜೊತೆಗಿರುವ ಹಕ್ಕು, ಪಟ್ಟಿಯ ನಕಲು ಪಡೆಯುವ ಹಕ್ಕು ಎಲ್ಲ ಆ ಲೈನಿನ ಬಾಗಿಲೊಳಗೆ ಮಲಗುವವರದ್ದು. ನೀವು ಅವರ ಪರವಾಗಿ ತಲೆ ಅಲ್ಲಾಡಿಸಿದರೆ ಅದು ಅವರ ಒಪ್ಪಿಗೆ ಆಗುವುದಿಲ್ಲ. ಬಂದವರು ಬರೀ ಆಧಾರ್ ನೋಡಲು ಬಂದಿದ್ದರೆ ಆಧಾರ್ ತೋರಿಸಿದರೆ ಸಾಕಿತ್ತು. ಟ್ರಂಕು ಸುರಿಯಲು 185ರ ಆ ಕಾರಣಗಳೆಲ್ಲ ಬೇಕು. 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದರಲ್ಲ, ಆ ಕೇಸು ಹಾಕಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆ ಹಕ್ಕು ಬಂಗಲೆಗೆ ಒಂದು, ಲೈನ್‌ಮನೆಗೆ ಒಂದು ಅಂತ ಇಲ್ಲ. ಭಾಷೆ ಬಾರದವರ ಪರವಾಗಿ ನೀವು ಮುಂದೆ ನಿಂತು, ಏನು ಹುಡುಕುತ್ತಿದ್ದೀರಿ ಅಂತ ಕೇಳಬಹುದಿತ್ತು. ಮುಂದಿನ ಸಲ ಕೇಳಿ.

ಪ್ರಶ್ನೆ: ನಾವು ಕೊಡವರು, ಕೋವಿಗೆ ಲೈಸೆನ್ಸ್ ಬೇಡ. ಹಾಗಿದ್ದ ಮೇಲೆ ಕೋವಿ ನೋಡಬೇಕು ಅಂತ ಪೊಲೀಸರು ಮನೆಯೊಳಗೆ ಬರಬಹುದಾ?

ಉತ್ತರ: ಕೊಡವರಿಗೂ ಜಮ್ಮಾ (ಕೊಡಗಿನ ಹಳೇ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಇರುವುದು ಲೈಸೆನ್ಸಿನಿಂದ ವಿನಾಯಿತಿ. ಬ್ರಿಟಿಷರ ಕಾಲದ್ದು, ಈಗ 2029ರವರೆಗೆ ಮುಂದುವರಿದಿದೆ, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿದಿದೆ. ಆದರೆ ಅದು ಶೋಧದಿಂದ ವಿನಾಯಿತಿ ಅಲ್ಲ. ಒಂದು ಗುಂಡೇಟಿನ ಕೇಸಾಗಿ, ಆ ಕೋವಿ ನಿಮ್ಮ ಮನೆಯಲ್ಲಿದೆ ಅಂತ ಕಾರಣ ಬರೆದು ಬಂದರೆ ಬರಬಹುದು. ಕೈಲ್‌ಪೊಳ್ದು ಹಬ್ಬಕ್ಕೆ ಹೂ ಮುಡಿಸಿ ಪೂಜೆ ಮಾಡಿದ ಕೋವಿ ಅನ್ನುವುದು ಮಹಜರಿನಲ್ಲಿ (ಪಂಚರ ಮುಂದೆ ಬರೆಯುವ ದಾಖಲೆ) ಬರುವುದಿಲ್ಲ, ನಂಬರ್ ಮಾತ್ರ ಬರುತ್ತದೆ. ವಿನಾಯಿತಿ ಪತ್ರ ಕೋವಿಯ ಜೊತೆಗೇ ಇರಲಿ. ಕೋವಿ ತೆಗೆದುಕೊಂಡು ಹೋದರೆ ಆ ನಂಬರ್ ಪಟ್ಟಿಯಲ್ಲಿ ಸರಿಯಾಗಿ ಬರೆದಿದ್ದಾರಾ ಅಂತ ಕನ್ನಡಕ ಹಾಕಿಕೊಂಡು ನೋಡಿ.

ಪ್ರಶ್ನೆ: ಮನೆಯಲ್ಲಿ ವೈನ್ ಮಾಡುತ್ತೇವೆ. ಫ್ರಿಜ್‌ನಲ್ಲಿ ಕೆಲವೊಮ್ಮೆ ಹಂದಿ ಮಾಂಸ ಇರುತ್ತದೆ. ಅಬಕಾರಿಯವರು, ಫಾರೆಸ್ಟಿನವರೂ ಹೀಗೇ ಬರಬಹುದಾ?

ಉತ್ತರ: ಬರಬಹುದು. ಲೈಸೆನ್ಸ್ ಇಲ್ಲದೆ ಮದ್ಯ ಮಾಡುವುದು ಕರ್ನಾಟಕ ಅಬಕಾರಿ ಕಾಯ್ದೆ, 1965ರ ಕೆಳಗೆ ಅಪರಾಧ. ಅದರ 54ನೇ ಕಲಂ ಹಗಲೂ ರಾತ್ರಿಯೂ ಒಳಬರುವ ಅಧಿಕಾರ ಕೊಡುತ್ತದೆ. ಆದರೆ ಅಲ್ಲೂ ಮೊದಲು ಕಾರಣ ಬರೆಯಲೇಬೇಕು. ಫಾರೆಸ್ಟಿನವರಿಗೆ, ಎಸ್‌ಐ ದರ್ಜೆಗಿಂತ ಕಮ್ಮಿ ಇಲ್ಲದ ಪೊಲೀಸರಿಗೆ 1972ರ ವನ್ಯಜೀವಿ ಕಾಯ್ದೆಯ 50ನೇ ಕಲಂ ಇದೆ. ಊರಹಂದಿಯಾದರೆ ಅಂಗಡಿಯ ಬಿಲ್ಲು ಇಟ್ಟುಕೊಳ್ಳಿ. ಕಾಡುಹಂದಿಯಾದರೆ ನನಗೆ ಪತ್ರ ಬರೆಯಬೇಡಿ, ವಕೀಲರಿಗೆ ಬರೆಯಿರಿ.

ಪ್ರಶ್ನೆ: ನಾನು ಎಸ್ಟೇಟಿನಲ್ಲಿ ರೈಟರ್. ಎರಡು ವರ್ಷದ ಹಿಂದೆ ಒಂದು ಕಾಫಿ ಕಳವಿನ ಕೇಸಿಗೆ ಪಂಚ ಅಂತ ಠಾಣೆಗೆ ಕರೆದು ಸಹಿ ಹಾಕಿಸಿದರು. ಆ ಮನೆಗೆ ನಾನು ಹೋಗಿಯೇ ಇಲ್ಲ. ಈಗ ಕೋರ್ಟಿನಿಂದ ಸಮನ್ಸ್ ಬಂದಿದೆ. ಪೊಲೀಸರು "ಮಹಜರಿನಲ್ಲಿ ಇದ್ದ ಹಾಗೆ ಹೇಳಿ" ಅನ್ನುತ್ತಾರೆ. ನಿದ್ದೆ ಬರುತ್ತಿಲ್ಲ.

ಉತ್ತರ: ಕೊಡಗಿನಲ್ಲಿ ರೈಟರ್ ಅಂದರೆ ಎರಡು ಜಾತಿ. ಎಸ್ಟೇಟ್ ರೈಟರ್, ಸ್ಟೇಷನ್ ರೈಟರ್. ಒಬ್ಬರು ಹಾಜರಿ ಬರೆಯುತ್ತಾರೆ, ಒಬ್ಬರು ಮಹಜರು ಬರೆಯುತ್ತಾರೆ. ಇಬ್ಬರಿಗೂ ಒಂದೇ ರೋಗ: ಬಾರದವರನ್ನೂ ಬಂದರು ಅಂತ ಬರೆಯುವುದು. ಬೇಜಾರು ಮಾಡಿಕೊಳ್ಳಬೇಡಿ, ನಾನೂ ಆ ರೋಗಿಯೇ.

ಪಂಚನನ್ನು ಸುಮ್ನೆ ಕೋರ್ಟಿಗೆ ಎಳೆಯುವ ಹಾಗಿಲ್ಲ. ಸಮನ್ಸ್ ಬಂದರೆ ಮಾತ್ರ ಹೋಗಬೇಕು. ನಿಮಗೆ ಬಂದಿದೆ, ಹೋಗಿ. ಪ್ರಮಾಣ ಮಾಡಿ ಸುಳ್ಳು ಹೇಳಿದರೆ ಅದೇ ಒಂದು ಅಪರಾಧ. ಹಾಗಾಗಿ ಒಂದೇ ದಾರಿ: ನೋಡಿದ್ದನ್ನು ನೋಡಿದೆ ಅನ್ನಿ, ನೋಡದ್ದನ್ನು ನೋಡಿಲ್ಲ ಅನ್ನಿ. ಸಹಿ ನಿಮ್ಮದಾ ಅಂತ ಕೇಳಿದರೆ ನನ್ನದೇ ಅನ್ನಿ. ಎಲ್ಲಿ ಹಾಕಿದಿರಿ ಅಂದರೆ ಠಾಣೆಯ ಮೇಜಿನ ಮೇಲೆ ಅನ್ನಿ. ಸರ್ಕಾರಿ ವಕೀಲರು ನಿಮ್ಮನ್ನು ಪ್ರತಿಕೂಲ ಸಾಕ್ಷಿ ಅಂತ ಕರೆದು ಒಂದಿಷ್ಟು ಪ್ರಶ್ನೆ ಹಾಕುತ್ತಾರೆ. ಹಾಕಲಿ. ಹತ್ತು ನಿಮಿಷದ ಮುಜುಗರ ಅದು.

ನನಗಾದದ್ದು ಹೇಳುತ್ತೇನೆ. ಎಎಸ್‌ಐ ಆಗಿದ್ದಾಗ ನಾನೂ ಒಂದು ಮನೆಯಿಂದ ನಾಲ್ಕು ಚೀಲ ಚೆರಿ ಕಾಫಿ ತಂದಿದ್ದೆ. ಕಳವಿನ ಮಾಲೇ, ಅದರಲ್ಲಿ ನನಗೆ ಇವತ್ತಿಗೂ ಅನುಮಾನ ಇಲ್ಲ. ಧೋ ಅಂತ ಮಳೆ. ಡೈರಿ ಬರೆಯಲಿಲ್ಲ. ಪಂಚರು ಸಿಗಲಿಲ್ಲ ಅಂತ ಮಾರನೇ ದಿನ ಪಕ್ಕದ ತೋಟದ ರೈಟರನ್ನು ಕರೆಸಿ ಸಹಿ ಹಾಕಿಸಿದೆ. ಅವನೂ ನಿಮ್ಮ ಹಾಗೇ ಸಾಧು. ಮೂರು ವರ್ಷದ ಮೇಲೆ ಕಟಕಟೆಯಲ್ಲಿ ನಿಂತು, ನನ್ನ ಮುಖ ಒಂದು ಸಲ ನೋಡಿ, "ನಾನು ಆ ಮನೆಗೆ ಹೋಗಿಲ್ಲ ಸ್ವಾಮಿ" ಅಂದುಬಿಟ್ಟ. ಆಮೇಲೆ ನನ್ನ ಸರದಿ. ಎದುರು ವಕೀಲರು ಜಾಸ್ತಿ ಏನೂ ಕೇಳಲಿಲ್ಲ. "ಹೊರಡುವ ಮೊದಲು ಕಾರಣ ಎಲ್ಲಿ ಬರೆದಿರಿ?" ಅಷ್ಟೇ. ಡೈರಿ ಮಗುಚಿದೆ. ಆ ತಾರೀಖಿನ ಪುಟದಲ್ಲಿ ಜೀಪಿನ ಡೀಸೆಲ್ ಲೆಕ್ಕ ಇತ್ತು.

ಕೇಸು ಬಿದ್ದುಹೋಯಿತು. ಕಾಫಿ ಕಳಕೊಂಡವರು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದರು, ನನಗೆ ಅವರನ್ನು ದಾಟಿ ಹೋಗಬೇಕಿತ್ತು. ಆ ರೈಟರ್ ಮಾತ್ರ ಕ್ಯಾಂಟೀನಿನಲ್ಲಿ ಸಿಕ್ಕಿ, ಏನೂ ಆಗದ ಹಾಗೆ, "ಸರ್, ಕಾಫಿ ಕುಡೀತೀರಾ?" ಅಂತ ಕೇಳಿದ. ಕುಡಿದೆ. ದುಡ್ಡು ಅವನೇ ಕೊಟ್ಟ.